ಮಂತ್ರಿಯ ಮಾಲೀಕ

ಸಮನ್ಸಿನಲ್ಲಿ ಅವನ ಹೆಸರಿನ ಮುಂದೆ ‘ಮಾಲೀಕ’ ಎಂದು ಅಚ್ಚಾಗಿತ್ತು. ಐವತ್ತೊಂಬತ್ತು ವರ್ಷಗಳಲ್ಲಿ ಎಲಿಸೆಯೊ ಕಾರ್ಕಮೊನನ್ನು ಯಾರೂ ಯಾವುದಕ್ಕೂ ಮಾಲೀಕ ಎಂದು ಕರೆದಿರಲಿಲ್ಲ. ಇರುವ ಎರಡು ಕೋಣೆ ಬಾಡಿಗೆಯದು. ನಲವತ್ತು ವರ್ಷ ನಿಂತು ಕಾಲು ಸವೆಸಿದ ಬಲೆ-ಹಗ್ಗದ ಅಂಗಡಿ ಇನ್ನೊಬ್ಬರದು. ಹೆಂಡತಿ ಇದ್ದಷ್ಟು ದಿನ ಮನೆಯ ಮಾಲೀಕರು ಯಾರು ಎನ್ನುವುದರಲ್ಲಿ ಗಲ್ಲಿಗೇ ಸಂಶಯವಿರಲಿಲ್ಲ. ಈಗ ಚಿಲಿ ಗಣರಾಜ್ಯವೇ ಮುಂದೆ ಬಂದು, ಮೊಹರು ಒತ್ತಿ, ನೀನೊಬ್ಬ ಮಾಲೀಕ ಎಂದು ಒಪ್ಪಿಕೊಂಡಿತ್ತು. ಒಂದು ನಾಯಿಗೆ. ಕಾಗದವನ್ನು ಅವನು ಮೂರು ಸಲ ಓದಿದ್ದ. ಮೊದಲನೆಯ ಸಲ ಹೆದರಿಕೆಯಿಂದ, ಎರಡನೆಯ ಸಲ ತಪ್ಪು ಹುಡುಕುವುದಕ್ಕೆ, ಮೂರನೆಯ ಸಲ, ನಾಚಿಕೆಯಾಗಬೇಕು, ಕೊಂಚ ಹೆಮ್ಮೆಯಿಂದ. ಕೆಳಗಿನ ಸಾಲಿನಲ್ಲಿ ಆ ಹೆಮ್ಮೆಗೆ ಔಷಧಿಯೂ ಇತ್ತು: ಪ್ರಾಣಿಗೆ ಗಾಯವಾಗಲು ಕಾರಣನಾದ, ಚಿಕಿತ್ಸೆ ಕೊಡಿಸದೆ ಬಿಟ್ಟ ಆರೋಪ, ಬೆಳಗ್ಗೆ ಹತ್ತೂವರೆಗೆ ಖುದ್ದು ಹಾಜರಾಗತಕ್ಕದ್ದು. ಎಲಿಸೆಯೊ ಇಸ್ತ್ರಿಪೆಟ್ಟಿಗೆ ಕಾಯಲಿಟ್ಟು ಎರಡು ಅಂಗಿಗಳ ಮುಂದೆ ನಿಂತ. ಬಿಳಿಯದನ್ನು ಹಾಕಿದರೆ ತಪ್ಪಿತಸ್ಥ ಶುಭ್ರವಾಗಿ ಕಾಣಲು ಹೆಣಗಿದಂತೆ. ಚೌಕಳಿಯದನ್ನು ಹಾಕಿದರೆ ನಾಯಿ ಹಿಂಸಿಸುವವನಂತೆ. ನಾಯಿ ಹಿಂಸಿಸುವವರು ಎಂಥ ಅಂಗಿ ಹಾಕುತ್ತಾರೆ? ಅದು ಅವನಿಗೆ ಗೊತ್ತಿರಲಿಲ್ಲ, ಆದರೆ ಊರಿಗೆ ಗೊತ್ತಿತ್ತು. ಹದಿನೈದು ದಿನದಿಂದ ತಾಲ್ಕವಾನೊದ ಎಲ್ಲರ ಫೋನಿನಲ್ಲೂ ಆ ಫೋಟೊ ಓಡಾಡುತ್ತಿತ್ತು: ಕೂದಲು ಬೋಳಿಸಿದ ಕುತ್ತಿಗೆ, ಅದರ ಸುತ್ತ ಬಾಯಿ ಬಿಟ್ಟ ಕೆಂಪು ಉಂಗುರ, ಕೆಳಗೆ ಅವನ ಪೂರ್ತಿ ಹೆಸರು, ತಾಯಿಯ ಮನೆತನದ ಹೆಸರೂ ಸೇರಿ. ಪಾಪ, ಅಮ್ಮ ಏನು ಮಾಡಿದ್ದಳು. ಬೇಕರಿಯವಳು ಈಗ ಬ್ರೆಡ್ಡನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಾಳೆ. ಕೆಳಗಿನ ಬೀದಿಯ ನಿವೃತ್ತ ಟೀಚರಮ್ಮ ಅವನನ್ನು ಕಂಡರೆ ತನ್ನ ಬಿಳಿ ನಾಯಿಮರಿಯನ್ನು ಎತ್ತಿ ಎದೆಗವಚಿಕೊಳ್ಳುತ್ತಾಳೆ, ಅವನೇನೋ ಅದನ್ನು ಹುರಿದು ತಿನ್ನುವವನ ಹಾಗೆ. ಕೊನೆಗೆ ಅವನು ಬಿಳಿಯದನ್ನೇ ಹಾಕಿಕೊಂಡ, ಏಕೆಂದರೆ ಚೌಕಳಿಯದಕ್ಕೆ ಒಂದು ಗುಂಡಿ ಇರಲಿಲ್ಲ.

ನಾಯಿಯ ಹೆಸರು ಮಂತ್ರಿ. ದಿನವಿಡೀ ಮಲಗುತ್ತದೆ, ಯಾರು ಕೊಟ್ಟರೂ ತಿನ್ನುತ್ತದೆ, ದೊಡ್ಡ ಕಾರು ಬಂದರೆ ಮಾತ್ರ ಎದ್ದು ನಿಲ್ಲುತ್ತದೆ ಎಂದು ಟ್ಯಾಕ್ಸಿ ಓಡಿಸುವ ತಿತೊ ಇಟ್ಟ ಹೆಸರು. ಗಲ್ಲಿಯಲ್ಲಿ ಹದಿನಾಲ್ಕು ಮನೆ, ಮಂತ್ರಿ ಹದಿನಾಲ್ಕು ಮನೆಯದೂ. ಹೊಸತಾಗಿ ಬಂದವರು ‘ಯಾರ ನಾಯಿ?’ ಎಂದು ಕೇಳಿದರೆ ಗಲ್ಲಿಯವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ‘ನಮ್ಮದು’ ಎನ್ನುತ್ತಿದ್ದರು, ಸಮುದ್ರ ನಮ್ಮದು ಎಂದಷ್ಟೇ ಸಲೀಸಾಗಿ. ಮೂರನೇ ಮನೆಯ ದೊನ್ಯಾ ನೊಲ್ಫಾ ಸಾರಿನ ಮೂಳೆ ಹಾಕುತ್ತಿದ್ದಳು, ತಿತೊ ತನ್ನ ಹಳೆಯ ಕಾರಿನ ಸೀಟನ್ನು ಹಾಸಿಗೆಯಾಗಿ ಕೊಟ್ಟಿದ್ದ, ಮೂಲೆಮನೆಯವರು ಒಂದು ಪೀಪಾಯಿಯನ್ನು ಅಡ್ಡ ಮಲಗಿಸಿ ಮನೆ ಮಾಡಿದ್ದರು. ಎಲಿಸೆಯೊ ಏನೂ ಕೊಟ್ಟಿರಲಿಲ್ಲ. ನಾಯಿ ಅವನ ಬಾಗಿಲ ಮುಂದೆ ಮಲಗುತ್ತಿತ್ತು, ಅವನು ಎಬ್ಬಿಸುತ್ತಿರಲಿಲ್ಲ. ಅದೇ ಅವನ ಕೊಡುಗೆ. ಈ ಜನವರಿಯಲ್ಲಿ ನೆರೆಹೊರೆ ಸಂಘದ ಹಾಲಿನಲ್ಲಿ ನಗರಸಭೆಯವರು ನಾಯಿಗಳಿಗೆ ಪುಕ್ಕಟೆ ಗುರುತಿನ ಚಿಪ್ ಹಾಕಲು ಬಂದಾಗ ಗಲ್ಲಿಗೆ ಗಲ್ಲಿಯೇ ಮಂತ್ರಿಯನ್ನು ಮೆರವಣಿಗೆಯಲ್ಲಿ ಕರೆದೊಯ್ದಿತು. ಆಗ ಅದಕ್ಕೆ ಆರು ತಿಂಗಳು, ಕಿವಿ ಮಾತ್ರ ದೊಡ್ಡದು. ಮೇಜಿನ ಹಿಂದಿದ್ದ ಹುಡುಗಿ ಪೆನ್ನೆತ್ತಿ, ‘ಜವಾಬ್ದಾರಿ ಯಾರ ಹೆಸರಲ್ಲಿ ಬರಕೊಳ್ಳಲಿ?’ ಎಂದಳು. ‘ಎಲ್ಲರದೂ ಬರ್ಕೊಮ್ಮಾ’ ಎಂದ ತಿತೊ. ‘ಒಂದೇ ಹೆಸರು, ಒಂದೇ ಗುರುತಿನ ನಂಬರು’ ಎಂದಳು ಅವಳು. ಅಷ್ಟರಲ್ಲಿ ಒಬ್ಬಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು, ತಿತೊಗೆ ಫೋನು ಬಂತು, ಮೂಲೆಮನೆಯವನು ಗೋಡೆಯ ಮೇಲಿನ ಬಣ್ಣವನ್ನು ಪರೀಕ್ಷಿಸತೊಡಗಿದ. ದೊನ್ಯಾ ನೊಲ್ಫಾ ನಾಯಿಯನ್ನು ಅಪ್ಪಿಕೊಂಡು ಎಲಿಸೆಯೊನ ಕಡೆ ನೋಡಿದಳು. ಬರೀ ನೋಡಿದಳು, ಅಷ್ಟೆ. ವಿಧವೆಯೊಬ್ಬಳು ಹಾಗೆ ನೋಡಿದರೆ ಒಂದು ನಂಬರು ಏನು, ಎರಡು ಮೂತ್ರಪಿಂಡ ಬರೆದುಕೊಡುವವರಿದ್ದಾರೆ. ಎಲಿಸೆಯೊ ನಂಬರು ಹೇಳಿದ. ಅವಳು ಆಮೇಲೆ ಎಂದೂ ಹಾಗೆ ನೋಡಲಿಲ್ಲ.

ಕೆಳಗೆ ತಿತೊ ಹಾರನ್ ಬಾರಿಸಿದ. ಹಿಂದಿನ ಸೀಟಿನಲ್ಲಿ ದೊನ್ಯಾ ನೊಲ್ಫಾ ಚರ್ಚಿಗೆ ಹಾಕುವ ಕಪ್ಪು ಕೋಟು ತೊಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಇಬ್ಬರೂ ಸಾಕ್ಷಿ ಹೇಳಲು ಬರುತ್ತಿದ್ದರು, ಅದಕ್ಕಾಗಿ ತಿತೊ ಅರ್ಧ ದಿನದ ಬಾಡಿಗೆ ಬಿಟ್ಟಿದ್ದ. ಅದನ್ನು ಅವನು ಇಳಿಜಾರಿನ ಮೊದಲ ತಿರುವಿನಲ್ಲೇ ಒಮ್ಮೆ, ಎರಡನೆಯದರಲ್ಲಿ ಇನ್ನೊಮ್ಮೆ ಹೇಳಿದ.

“ನೋಡು ಗೆಳೆಯಾ, ತಲೆ ಕೆಡಿಸ್ಕೋಬೇಡ. ಗಲ್ಲಿ ನಾಯಿ, ಗಲ್ಲಿ ನಾಯಿ, ಗಲ್ಲಿ ನಾಯಿ. ಅಷ್ಟೇ ಹೇಳು. ಆ ನಂಬರು ಸುಮ್ನೆ ಉಪಕಾರಕ್ಕೆ ಕೊಟ್ಟಿದ್ದು. ನನ್ನ ಷಡ್ಡಕ ಕೋರ್ಟಲ್ಲಿ ಫೈಲ್ ಹೊರ್ತಾನಲ್ಲ, ಅವನೇ ಹೇಳಿದ್ದು. ಗಲ್ಲಿದು ಅಂದ್ರೆ ಕೇಸೂ ಇಲ್ಲ, ದಂಡಾನೂ ಇಲ್ಲ, ಮಂತ್ರಿ ವಾಪಸ್ ಮನೆಗೆ. ನಂದು ಅಂದ್ಯೋ, ನೀನು ಕೆಟ್ಟೆ. ದಂಡ ಹಾಕಿ ನಾಯೀನೂ ಕಿತ್ಕೋತಾರೆ. ಎಲ್ಲೋ ದೂರದೂರಿನ ಯಾರಿಗೋ ಕೊಟ್ಬಿಡ್ತಾರೆ.”

“ನನ್ನ ಮಗೂನ ಯಾರಿಗೂ ಕೊಡಬಾರ್ದು” ಎಂದಳು ನೊಲ್ಫಾ. “ದೊನ್ ಎಲಿಸೆಯೊ, ಸ್ವಲ್ಪ ಗಟ್ಟಿಯಾಗಿ ಮಾತಾಡ್ರಿ ಅಲ್ಲಿ. ಬಾಯೊಳಗೇ ಗೊಣಗಬೇಡಿ.”

“ಹೂಂ” ಎಂದು ಎಲಿಸೆಯೊ ಗೊಣಗಿದ.

“ವಾಸನೆ ಬಗ್ಗೆ ಕೇಳಿದ್ರೆ?” ಎಂದಳು ಅವಳು, ಕಿಟಕಿಯ ಕಡೆ ತಿರುಗಿ. “ಆ ಡಾಕ್ಟ್ರು ಹುಡುಗಿ ಬರೆದಿದಾಳಂತಲ್ಲ, ಕೊಳೆತ ವಾಸನೆ ಎರಡು ಬೀದಿ ಆಚೆಗೂ ಹೊಡೀತಿತ್ತು ಅಂತ.”

“ಅಯ್ಯೋ ದೊನ್ಯಾ ನೊಲ್ಫಿತಾ! ಈ ಊರಲ್ಲಿ ವಾಸನೆ ಅಂದ್ರೆ ನಗ್ತಾರೆ. ಮೀನಿನ ಹಿಟ್ಟಿನ ಕಾರ್ಖಾನೆ ಅನ್ನಿ. ಹುಟ್ಟಿದಾಗಿಂದ ಮೂಗು ಸತ್ತು ಹೋಗಿದೆ ಅನ್ನಿ. ಯಾರು ಇಲ್ಲ ಅಂತಾರೆ?”

ನವೆಂಬರ್ ಬಂದಿತ್ತು, ಕೆಳಗೆ ಬಂದರಿನ ಅಂಚಿನಲ್ಲಿ ಕಾರ್ಖಾನೆಯ ಕೊಳವೆಗಳಿಂದ ಬಿಳಿ ಹೊಗೆ ಏಳುತ್ತಿತ್ತು, ವಾಸನೆ ಕಾರಿನೊಳಗೆ ಬಂದು ಮೂವರ ಮಧ್ಯೆ ನಾಲ್ಕನೆಯವನಾಗಿ ಕೂತಿತ್ತು. ಎಲಿಸೆಯೊ ತನ್ನ ಕೈಗಳನ್ನು ನೋಡಿಕೊಂಡ. ಮಾಡಿದ್ದೇನಿದ್ದರೂ ಈ ಕೈಗಳೇ. ಜನವರಿಯ ಆ ಹುಡುಗಿ ಒಂದು ಹಾಳೆ ಕೊಟ್ಟಿದ್ದಳು: ಮಾಲೀಕನು ಪ್ರಾಣಿಗೆ ಗುರುತಿನ ಬಿಲ್ಲೆ ಹಾಕತಕ್ಕದ್ದು. ಬೇರೆಯವರಾಗಿದ್ದರೆ ಚೀನಾದ ಅಂಗಡಿಗೆ ಹೋಗಿ ಬಕಲ್ ಇರುವ ಪಟ್ಟಿ ಕೊಳ್ಳುತ್ತಿದ್ದರು. ಎಲಿಸೆಯೊ ಬಲೆ-ಹಗ್ಗದವನು. ಅವನು ಬಲೆಯ ನೀಲಿ ದಾರವನ್ನು ಎಂಟು ಎಳೆ ಮಾಡಿ ಎರಡು ಭಾನುವಾರ ಕೂತು ಹೆಣೆದ, ಹಿತ್ತಾಳೆಯ ಬಿಲ್ಲೆಗೆ ಅಕ್ಷರ ಕೊರೆಸಿದ, ಕೊನೆಗೆ ದೋಣಿಯವರೂ ಅವನ ಬಳಿ ಕಲಿಯಲು ಬರುವ ಆ ಗಂಟು ಹಾಕಿದ, ಒದ್ದೆಯಾದಷ್ಟೂ ಗಟ್ಟಿಯಾಗುವ, ಕೊಯ್ಯದ ಹೊರತು ಬಿಚ್ಚದ ಗಂಟು. ನೊಲ್ಫಾ ನಾಯಿಯನ್ನು ಹಿಡಿದಿದ್ದಳು, ಅವನು ಕಟ್ಟಿದ. ಗಲ್ಲಿಯವರು ಚಪ್ಪಾಳೆ ತಟ್ಟಿದರು. ‘ಇನ್ನು ಬಿರುಗಾಳಿ ಬಂದ್ರೂ ಮಂತ್ರಿ ಪದವಿ ಹೋಗಲ್ಲ’ ಎಂದ ತಿತೊ. ಆರು ತಿಂಗಳ ನಾಯಿ ಬೆಳೆಯುತ್ತದೆ ಎಂಬ ಸಂಗತಿ ಅಲ್ಲಿದ್ದ ಹನ್ನೊಂದು ಮಂದಿ ದೊಡ್ಡವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಗ್ಗದ ಬಗ್ಗೆ ಎಲ್ಲ ಬಲ್ಲವನಿಗಂತೂ ಹೊಳೆಯಲೇ ಇಲ್ಲ. ಅವನ ಹಗ್ಗಗಳು ಕಟ್ಟುತ್ತಿದ್ದದ್ದು ದೋಣಿಗಳನ್ನು, ದೋಣಿಗಳು ಮೂಳೆ ತಿಂದು ದಪ್ಪಗಾಗುವುದಿಲ್ಲ. ಅಂದು ಮನೆಗೆ ಹೋಗಿ ಅವನು ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡಿದ್ದ. ನಾಯಿಯ ಮೈವಾಸನೆ ಅವನಿಗೆ ಆಗುತ್ತಿರಲಿಲ್ಲ.

ನ್ಯಾಯಾಲಯ ಒಂದು ಹಳೆಯ ಬ್ಯಾಂಕಿನ ಕಟ್ಟಡದಲ್ಲಿತ್ತು. ಅವನಿಗಿಂತ ಮೊದಲು ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದವರು, ಕೆಂಪು ದೀಪ ದಾಟಿದವರು, ಪಕ್ಕದ ಮನೆಯ ಗೋಡೆಗೆ ನೀರು ಬಿಟ್ಟವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರೂ ಸಭ್ಯ ಅಪರಾಧಿಗಳು. ‘ನಿಮ್ಮದೇನು?’ ಎಂದು ಪಕ್ಕದವನು ವಿಶ್ವಾಸದಿಂದ ಕೇಳಿದ. ‘ನಾಯಿ’ ಎಂದ ಎಲಿಸೆಯೊ. ‘ಕಚ್ಚಿತಾ?’ ‘ಇಲ್ಲ.’ ಪಕ್ಕದವನು ಅವನ ಮುಖ ನೋಡಿದ, ಫೋನಿನ ಫೋಟೊ ನೆನಪಾಗಿರಬೇಕು, ಮೆಲ್ಲಗೆ ಒಂದು ಗೇಣು ಆಚೆ ಸರಿದ. ಕೆಂಪು ದೀಪ ದಾಟಿ ಮುದುಕಿಯೊಬ್ಬಳ ಕಾಲು ಮುರಿದವನು ಆ ಪಕ್ಕದವನೇ, ಸ್ವಲ್ಪ ಹೊತ್ತಿನ ಹಿಂದೆ ತಾನೇ ಹೇಳಿಕೊಂಡಿದ್ದ. ಕಿಟಕಿಯಾಚೆ ಹಿತ್ತಿಲ ಅಂಗಳದಲ್ಲಿ, ‘ಪ್ರಾಣಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿನ ಕೆಳಗೆ ಮಂತ್ರಿಯನ್ನು ಹಿಡಿದು ಒಬ್ಬ ಹೆಂಗಸು ಕೂತಿದ್ದಳು. ನಾಯಿಯ ಕುತ್ತಿಗೆಗೆ ಗಾಯದ ಬಿಳಿ ಪಟ್ಟಿ ಸುತ್ತಿತ್ತು. ಅದರ ನ್ಯಾಯವನ್ನು ಅದಿಲ್ಲದೆ ತೀರ್ಮಾನಿಸುವುದು ಕಾನೂನಿನ ಕ್ರಮ. ನೊಲ್ಫಾ ಗಾಜಿಗೆ ಕೈಯೊತ್ತಿ ‘ನನ್ನ ಮುದ್ದು, ನನ್ನ ಬಂಗಾರ’ ಎಂದು ಅತ್ತಳು. ಎಲಿಸೆಯೊ ನೋಡಲಿಲ್ಲ. ನೋಡಿದರೆ ಏನಾಗುತ್ತದೋ ಎಂದು ಅವನಿಗೆ ಭಯವಿತ್ತು.

ನ್ಯಾಯಾಧೀಶೆ ಐವತ್ತರ ಹೆಂಗಸು, ದಿನಾ ಪಕ್ಕದ ನಗರ ಕನ್ಸೆಪ್ಸಿಯೋನ್‌ನಿಂದ ಕಾರಿನಲ್ಲಿ ಬಂದು ಹೋಗುವವಳು, ನೆಗಡಿಯಾಗಿತ್ತು. ದೂರು ಕೊಟ್ಟ ಪಶುವೈದ್ಯೆ ಯಾಸ್ನಾ ಮೊದಲು ಮಾತಾಡಿದಳು. ಅವಳು ಚಿಲ್ಯಾನ್ ಕಡೆಯವಳು, ದ್ರಾಕ್ಷಿತೋಟಗಳ ನಾಡಿನವಳು, ಈ ಊರಿಗೆ ಬಂದು ಒಂದು ತಿಂಗಳಾಗಿತ್ತು. ಅಕ್ಟೋಬರ್ ಮೊದಲ ವಾರ ಮೀನು ಮಾರುಕಟ್ಟೆಯ ಹಿಂದೆ ನಾಯಿ ಸಿಕ್ಕಿದ್ದು, ಅದಕ್ಕೆ ಯಾರೋ ತೊಡಿಸಿದ್ದ ಉಣ್ಣೆಯ ಅಂಗಿ ಮೈಗೆ ಅಂಟಿ ಹೋಗಿದ್ದದ್ದು, ಅದನ್ನು ಕತ್ತರಿಸಿ ತೆಗೆದ ಮೇಲೆ ಹಗ್ಗ ಎಲ್ಲಿದೆ ಎಂದು ಹುಡುಕಬೇಕಾಗಿ ಬಂದದ್ದು, ಅದು ಮಾಂಸದೊಳಗೆ ಎರಡು ಬೆರಳು ಇಳಿದಿದ್ದದ್ದು. ಅವಳು ಇದನ್ನೆಲ್ಲ ದನಿ ಏರಿಸದೆ ಹೇಳಿದಳು, ಅದು ಇನ್ನೂ ಕೆಟ್ಟದಾಗಿತ್ತು. ನ್ಯಾಯಾಧೀಶೆ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿ ಹಿಡಿದಳು. ಒಳಗೆ ನೀಲಿ ಪಟ್ಟಿ, ಒಂದು ಕಡೆ ಕತ್ತರಿಸಿತ್ತು. ಗಂಟು ಹಾಗೇ ಇತ್ತು.

“ಇದನ್ನ ಯಾರು ಕಟ್ಟಿದ್ದು?”

“ನಾನು.”

“ಆಮೇಲೆ ಒಂದ್ಸಲ ಆದ್ರೂ ಸಡಿಲ ಮಾಡಿದ್ರಾ?”

“ಅದು ಸಡಿಲ ಆಗೋ ಗಂಟಲ್ಲ, ಮೇಡಂ.”

ಆ ಮಾತಿನಲ್ಲಿ ಹೆಮ್ಮೆ ಇತ್ತು. ಅವನು ತಡೆಯುವ ಮೊದಲೇ ಬಾಯಿಂದ ಹೊರಟು ಕೋಣೆಯಲ್ಲಿ ನಿಂತುಬಿಟ್ಟಿತು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಕೂಡ ತಲೆಯೆತ್ತಿ ನೋಡಿದ. ಎಲಿಸೆಯೊನ ಕಿವಿ ಬಿಸಿಯಾಯಿತು. ನಲವತ್ತು ವರ್ಷದ ಹಿಂದೆ ಅಂಗಡಿಯ ಹಳೆಯ ಯಜಮಾನ ಅವನು ಹಾಕಿದ ಮೊದಲ ಗಂಟನ್ನು ಎರಡೂ ಕಡೆ ಜಗ್ಗಿ ನೋಡಿ ಏನೂ ಹೇಳದೆ ಸುಮ್ಮನೆ ತಲೆದೂಗಿದ್ದ. ಅದಕ್ಕಿಂತ ದೊಡ್ಡ ಬಿರುದು ಅವನಿಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಅದೇ ಗಂಟು ಈಗ ಚೀಲದೊಳಗೆ ಸಾಕ್ಷ್ಯ ಸಂಖ್ಯೆ ಎರಡು.

ತಿತೊ ಚೆನ್ನಾಗಿ ಸಾಕ್ಷಿ ಹೇಳಿದ. ಹದಿನಾಲ್ಕು ಮನೆ, ಹದಿನಾಲ್ಕು ತಟ್ಟೆ, ಯಾರೊಬ್ಬರ ನಾಯಿಯೂ ಅಲ್ಲ, ಈ ಪುಣ್ಯಾತ್ಮ ಸುಮ್ಮನೆ ನಂಬರು ಕೊಟ್ಟ. ಕೂದಲು ಉದ್ದ ಸಾರ್, ಅಲ್ಲ ಮೇಡಂ, ಕುತ್ತಿಗೆ ಕಾಣಲ್ಲ. ನೊಲ್ಫಾ ಕರವಸ್ತ್ರ ಹಿಡಿದು ಇನ್ನೂ ಚೆನ್ನಾಗಿ ಹೇಳಿದಳು. ಜೂನಿನ ಚಳಿಗಾಲಕ್ಕೆ ತಾನೇ ತನ್ನ ಸತ್ತ ಗಂಡನ ನೌಕಾಪಡೆಯ ಸ್ವೆಟರು ಬಿಚ್ಚಿ ಮಂತ್ರಿಗೆ ಅಂಗಿ ಹೆಣೆದೆ, ಕುತ್ತಿಗೆ ಮುಚ್ಚುವ ಹಾಗೆ, ಮಗುವಿಗೆ ಗಾಳಿ ತಾಗಬಾರದು ಅಂತ. “ನನ್ನ ಪ್ರೀತೀನೇ ಮುಚ್ಚಿಬಿಡ್ತು ಮೇಡಂ” ಎಂದು ಅವಳು ಬಿಕ್ಕಿದಾಗ ನ್ಯಾಯಾಧೀಶೆ ತನ್ನ ಮೂಗನ್ನೂ ಒರೆಸಿಕೊಂಡಳು, ನೆಗಡಿಗೋ ಕರುಣೆಗೋ ತಿಳಿಯಲಿಲ್ಲ.

“ವಾಸನೆ?” ಎಂದಳು ನ್ಯಾಯಾಧೀಶೆ.

“ಕಾರ್ಖಾನೆ ಮೇಡಂ” ಎಂದ ತಿತೊ ತಕ್ಷಣ. “ನೀವೇ ಬರ್ತಾ ಬರ್ತಾ ಆ ಗಾಳಿ ಕುಡಿದಿರ್ತೀರಲ್ಲ. ನಮ್ಗೆ ಹೂವೂ ಒಂದೇ, ಕೊಳೆತ ಮೀನೂ ಒಂದೇ.”

ಕೋಣೆಯಲ್ಲಿ ನಗು ಹರಿಯಿತು. ನ್ಯಾಯಾಧೀಶೆಯೂ ನಕ್ಕಳು, ಕಾಗದದ ಮೇಲೆ ಏನೋ ಬರೆದಳು, ಪೆನ್ನು ಕೆಳಗಿಟ್ಟಳು. ಅವಳಿಗೆ ಊಟದ ಹೊತ್ತು ಹತ್ತಿರವಾಗುತ್ತಿತ್ತು, ಮುಖದಲ್ಲಿ ಬಿಡುಗಡೆ ಕಂಡಿತು. ಒಂದು ಬೀದಿಯ ಬಡವರು, ಪ್ರೀತಿ ಹೆಚ್ಚಾಗಿ ಆದ ಪ್ರಮಾದ, ಊರಿನ ದುರ್ನಾತ. ಎಲ್ಲರಿಗೂ ಎಚ್ಚರಿಕೆ ಕೊಟ್ಟು ನಾಯಿಯನ್ನು ಸಮುದಾಯದ ನಾಯಿಯೆಂದು ದಾಖಲಿಸಿ ಗಲ್ಲಿಗೇ ಮರಳಿಸಬಹುದು ಎಂಬರ್ಥದ ಒಂದೆರಡು ವಾಕ್ಯವನ್ನು ಅವಳು ಗುಮಾಸ್ತನಿಗೆ ಹೇಳತೊಡಗಿದಳು. ನೊಲ್ಫಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಯಾಸ್ನಾ ತನ್ನ ವರದಿಯನ್ನು ಮಡಿಚಿಟ್ಟಳು. ಒಂದು ತಿಂಗಳ ಪರದೇಶಿಗೆ ಈ ಊರಿನ ವಾಸನೆಯ ಬಗ್ಗೆ ಏನು ಗೊತ್ತು? ಎಲಿಸೆಯೊಗೆ ಗೊತ್ತಿತ್ತು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮುಗಿಯುವ ತನಕ ಭೂತಾಯಿ ಮೀನು ಮೊಟ್ಟೆಯಿಡುವ ಕಾಲ, ಬಲೆ ಹಾಕುವಂತಿಲ್ಲ. ದೋಣಿಗಳು ದಡದಲ್ಲಿ, ಅಂಗಡಿಗೆ ಗಿರಾಕಿಯಿಲ್ಲ, ಕಾರ್ಖಾನೆಗೆ ಬೀಗ. ವರ್ಷದಲ್ಲಿ ಆ ಒಂದೆರಡು ತಿಂಗಳು ತಾಲ್ಕವಾನೊದ ಗಾಳಿ ಬೇರೆ ಊರುಗಳ ಗಾಳಿಯ ಹಾಗೆ ಇರುತ್ತದೆ. ಜನ ಕಿಟಕಿ ತೆರೆದಿಡುತ್ತಾರೆ, ಹಾಸಿಗೆಬಟ್ಟೆ ಹೊರಗೆ ಒಣಹಾಕುತ್ತಾರೆ. ತಿತೊಗೆ ಇದು ಗೊತ್ತು, ನೊಲ್ಫಾಗೆ ಗೊತ್ತು, ಗುಮಾಸ್ತನಿಗೂ ಗೊತ್ತು, ಅವನು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದ. ಸೆಪ್ಟೆಂಬರ್ ಹದಿನೆಂಟರ ರಾಷ್ಟ್ರೀಯ ಹಬ್ಬದ ದಿನ ಗಲ್ಲಿಯಲ್ಲಿ ಕೆಂಡ ಹಾಕಿ ಮಾಂಸ ಸುಡುವಾಗ ಆ ಶುಭ್ರ ಗಾಳಿಯಲ್ಲಿ ಇನ್ನೊಂದು ವಾಸನೆ ಸ್ಪಷ್ಟವಾಗಿ, ಸಿಹಿಯಾಗಿ, ಹಾಯ್ದು ಹೋಗುತ್ತಿತ್ತು. ಎಲ್ಲರೂ ಸ್ವಲ್ಪ ಹೆಚ್ಚು ಹೊಗೆ ಎಬ್ಬಿಸಿದರು. ಯಾರೋ ಒಳ್ಳೆಯ ತುಂಡನ್ನೇ ಮಂತ್ರಿಗೆ ಎಸೆದರು. ಅದು ಮೂಸಿತು, ತಲೆ ಬಗ್ಗಿಸಲಾಗದೆ ನಿಂತೇ ನೋಡಿತು, ತಿನ್ನಲಿಲ್ಲ. ‘ನೋಡ್ರೋ, ಮಂತ್ರಿಗೆ ಸೊಕ್ಕು ಬಂದಿದೆ’ ಎಂದ ತಿತೊ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಎಲಿಸೆಯೊ. ಅಂದು ಸಂಜೆ ಅವನು ಬಾಗಿಲಲ್ಲಿದ್ದ ಕಾರಿನ ಸೀಟನ್ನು, ನಾಯಿಯನ್ನಲ್ಲ, ಸೀಟನ್ನು, ಕಾಲಿನಿಂದ ತಳ್ಳಿ ಮೂರು ಮನೆಯಾಚೆ ಇಟ್ಟು ಬಂದು ಕಿಟಕಿ ಮುಚ್ಚಿಕೊಂಡಿದ್ದ. ನಾಯಿ ಸೀಟಿನ ಹಿಂದೆಯೇ ಹೋಗಿತ್ತು.

ನ್ಯಾಯಾಧೀಶೆ ಕೊನೆಯ ವಾಕ್ಯದಲ್ಲಿದ್ದಳು. ಇನ್ನು ಹತ್ತು ಪದ, ಆಮೇಲೆ ಎಲ್ಲರೂ ಮನೆಗೆ. ಮಂತ್ರಿಯೂ ಮನೆಗೆ, ಏನೂ ಮೂಗಿಗೆ ಬಡಿಯದ ಹದಿನಾಲ್ಕು ಮನೆಗಳಿಗೆ.

“ಕಾರ್ಖಾನೆ ಮುಚ್ಚಿತ್ತು” ಎಂದ ಎಲಿಸೆಯೊ.

“ಏನಂದ್ರಿ?”

“ಆ ತಿಂಗಳು ಮೀನು ಹಿಡಿಯಂಗಿಲ್ಲ ಮೇಡಂ. ಕಾರ್ಖಾನೆ ಮುಚ್ಚಿರುತ್ತೆ. ಊರಲ್ಲಿ ವಾಸನೆ ಇರಲ್ಲ.” ಈ ಸಲ ಅವನು ಗೊಣಗಲಿಲ್ಲ. “ನನಗೆ ವಾಸನೆ ಬರ್ತಿತ್ತು. ಮೂರು ವಾರ. ಅದರಿಂದಾನೇ ಬರ್ತಿದೆ ಅಂತಾನೂ ಗೊತ್ತಿತ್ತು. ಮುಟ್ಟಿ ನೋಡೋಕೆ ಅಸಹ್ಯ ಆಯ್ತು. ನಾಯಿ ನಂದು.”

ಹಿಂದಿನಿಂದ ತಿತೊ ಕೆಟ್ಟದೊಂದು ಮಾತನ್ನು ಹಲ್ಲಿನ ಸಂದಿಯಲ್ಲಿ ಹೇಳಿದ. ನ್ಯಾಯಾಧೀಶೆ ಗುಮಾಸ್ತನ ಕಡೆ ತಿರುಗಿ, ಹೌದೇ ಎನ್ನುವಂತೆ ಹುಬ್ಬೇರಿಸಿದಳು. ಈ ಊರಲ್ಲೇ ಹುಟ್ಟಿ ಬೆಳೆದ ಗುಮಾಸ್ತ ಬಹಳ ಹೊತ್ತು ಪೆನ್ನಿನ ಮುಚ್ಚಳ ಹುಡುಕಿ, ಕೊನೆಗೆ ಹೌದು ಎಂದು ತಲೆಯಾಡಿಸಿದ. ಆಮೇಲೆ ಎಲ್ಲವೂ ಬೇಗ ಬೇಗ ಆಯಿತು, ಸತ್ಯ ಹೇಳಿದವರ ಕೆಲಸ ಕಚೇರಿಗಳಲ್ಲಿ ಬೇಗ ಆಗುತ್ತದೆ. ದಂಡ. ಇನ್ನು ಮುಂದೆ ಅವನ ಹೆಸರಿನಲ್ಲಿ ಯಾವ ಪ್ರಾಣಿಯೂ ದಾಖಲಾಗುವಂತಿಲ್ಲ. ನಾಯಿಯನ್ನು ಯಾಸ್ನಾಳ ಪ್ರಾಣಿರಕ್ಷಣಾ ಸಂಸ್ಥೆಗೆ ಒಪ್ಪಿಸತಕ್ಕದ್ದು, ಅವರು ಚಿಲ್ಯಾನ್ ಬಳಿ ನೋಡಿಟ್ಟಿರುವ ಮನೆಗೆ ಅದು ಇವತ್ತೇ ಹೋಗುತ್ತದೆ. ಸಾಕ್ಷಿಗಳು ಇನ್ನೊಮ್ಮೆ ನ್ಯಾಯಾಲಯಕ್ಕೆ ಬರುವಾಗ ಮೂಗನ್ನೂ ಜೊತೆಗೆ ತರಬೇಕು ಎಂದು ನ್ಯಾಯಾಧೀಶೆ ನಗದೆ ಹೇಳಿದಳು. ನಾಯಿಯ ಹಿತಕ್ಕಾಗಿ ತಾನೇನೋ ದೊಡ್ಡದು ಮಾಡಿದೆ ಎಂಬ ಒಂದು ಸಣ್ಣ ತೃಪ್ತಿ ಎಲಿಸೆಯೊನ ಎದೆಯಲ್ಲಿ ಆಗಲೇ ಬಾಲ ಅಲ್ಲಾಡಿಸುತ್ತಿತ್ತು, ಅವನಿಗೆ ತನ್ನ ಮೇಲೆ ವಾಕರಿಕೆ ಬಂತು.

“ತೃಪ್ತಿ ಆಯ್ತಾ?” ಎಂದಳು ನೊಲ್ಫಾ ಮೆಟ್ಟಿಲಲ್ಲಿ. ಅವಳ ಕಣ್ಣೀರು ಒಣಗಿತ್ತು. “ನಮ್ಮನ್ನೆಲ್ಲ ಸುಳ್ಳುಗಾರರು ಮಾಡಿ ನೀವೊಬ್ರು ಸಂತರಾದ್ರಲ್ಲ. ನನ್ನ ಮಗು ಹೋಯ್ತಲ್ರೀ, ದೊನ್ ಎಲಿಸೆಯೊ. ನಿಮಗೇನು, ನೀವು ಅದಕ್ಕೆ ಒಂದು ತುಂಡು ಬ್ರೆಡ್ ಹಾಕಿದ್ದುಂಟಾ?”

“ಇಲ್ಲ” ಎಂದ ಅವನು.

“ಬಸ್ಸಲ್ಲಿ ಬಾ” ಎಂದ ತಿತೊ.

ಅವರು ಅಂಗಳಕ್ಕೆ ಹೋಗಿ ನಾಯಿಯನ್ನು ಮುದ್ದಿಸಿ, ಅದರ ಜೊತೆ ಫೋಟೊ ತೆಗೆಸಿಕೊಂಡು, ಕಾರು ಹತ್ತಿ ಹೋದರು. ಎಲಿಸೆಯೊ ಅಲ್ಲಿಯವರೆಗೆ ಕಂಬದ ಹಿಂದೆ ನಿಂತಿದ್ದ. ವರ್ಗಾವಣೆ ಪತ್ರಕ್ಕೆ ಸಹಿ ಹಾಕದೆ ಹೋಗುವಂತಿರಲಿಲ್ಲ, ಗುಮಾಸ್ತ ಅದನ್ನು ಟೈಪು ಮಾಡುತ್ತಿದ್ದ. ಅಂಗಳದಲ್ಲಿ ಯಾಸ್ನಾ ಔಷಧದ ಪೆಟ್ಟಿಗೆ ತೆರೆದಿದ್ದಳು. ನಾಯಿ ಹಿಡಿದುಕೊಂಡಿದ್ದ ಹೆಂಗಸು ವ್ಯಾನು ತರಲು ಹೋಗಿದ್ದಳು.

“ಸೆನ್ಯೋರ್, ಬನ್ನಿ ಇಲ್ಲಿ. ಪಟ್ಟಿ ಬದಲಾಯಿಸ್ಬೇಕು, ಹಿಡ್ಕೊಳ್ಳಿ.”

“ನಾನಾ?”

“ಕಾಗದಕ್ಕೆ ಮೊಹರು ಬೀಳೋ ತನಕ ನೀವೇ ತಾನೆ ಮಾಲೀಕರು. ಬನ್ನಿ. ಹೀಗೆ, ಗದ್ದದ ಕೆಳಗೆ ಕೈ ಕೊಡಿ. ಬಿಗಿಯಾಗಿ ಬೇಡ.”

ಅವನು ಮೊಣಕಾಲೂರಿ ಕೂತ. ಹತ್ತು ತಿಂಗಳು ಮಾಲೀಕನಾಗಿದ್ದವನು ತನ್ನ ನಾಯಿಯನ್ನು ಎರಡನೆಯ ಸಲ ಮುಟ್ಟುತ್ತಿದ್ದ. ಯಾಸ್ನಾ ಬಿಳಿ ಪಟ್ಟಿಯನ್ನು ಸುತ್ತು ಸುತ್ತು ಬಿಡಿಸಿದಳು, ಫೋಟೊದಲ್ಲಿ ನೋಡಿದ್ದು ಈಗ ಕೈಯಳತೆಯಲ್ಲಿತ್ತು, ಗುಲಾಬಿ ಬಣ್ಣದ ಹೊಸ ಚರ್ಮ, ನಡುವೆ ಇನ್ನೂ ಮುಚ್ಚದ ಎರಡು ಕಡೆ. ಅವಳು ದ್ರಾವಣ ಹಚ್ಚಿದಾಗ ನಾಯಿಯ ಮೈಯೆಲ್ಲ ನಡುಗಿತು, ಹಲ್ಲುಗಳು ಅವನ ಮಣಿಕಟ್ಟಿನ ಪಕ್ಕದಲ್ಲೇ ಇದ್ದವು. ಕಚ್ಚು, ಎಂದುಕೊಂಡ ಅವನು. ಬೆರಳನ್ನು ಬಾಯಿಯ ಹತ್ತಿರಕ್ಕೆ ಸರಿಸಿದ. ಕಚ್ಚಿಬಿಡು. ಅದು ಬೆರಳನ್ನು ಮೂಸಿ ನೆಕ್ಕಿತು.

“ನಿಮ್ಮನ್ನ ಕ್ಷಮಿಸ್ತು ಅಂತ ಅಂದ್ಕೋಬೇಡಿ” ಎಂದಳು ಯಾಸ್ನಾ, ತಲೆಯೆತ್ತದೆ. “ಅದು ಎಲ್ಲರನ್ನೂ ನೆಕ್ಕುತ್ತೆ. ಬೆಳಗ್ಗೆ ವ್ಯಾನಿನ ಚಕ್ರಾನೂ ನೆಕ್ತು.”

“ತಪ್ಪಾಯ್ತು ಕಣೋ” ಎಂದ ಎಲಿಸೆಯೊ, ನಾಯಿಗೆ. ಅವನಿಗೆ ಅಳು ಬಂದುಬಿಟ್ಟಿತು. ನಾಯಿಯ ಕಿವಿ ಕೂಡ ಅಲ್ಲಾಡಲಿಲ್ಲ.

ಹೊಸ ಪಟ್ಟಿ ಸುತ್ತಿ ಮುಗಿಸಿದ ಮೇಲೆ ಅವನು ಕೈ ತೆಗೆಯಲು ಹೋದ. “ತಡೀರಿ” ಎಂದಳು ಯಾಸ್ನಾ ಥಟ್ಟನೆ, ದನಿ ತಗ್ಗಿಸಿ. ಮಂತ್ರಿ ತಲೆಯ ಭಾರವನ್ನೆಲ್ಲ ಅವನ ಬಲ ಅಂಗೈಯ ಮೇಲೆ ಬಿಟ್ಟು ಕಣ್ಣು ಮುಚ್ಚಿತ್ತು. “ಸಿಕ್ಕಿದಾಗಿಂದ ತಲೆ ಕೆಳಗಿಟ್ಟು ಮಲಗಿಲ್ಲ ಇದು. ನೆಲ ತಾಗಿದ್ರೆ ಎಳೆಯುತ್ತೆ, ನೋವಾಗುತ್ತೆ. ಕೂತೇ ತೂಕಡಿಸುತ್ತೆ. ಅಲ್ಲಾಡಬೇಡಿ.” ಅವನು ಅಲ್ಲಾಡಲಿಲ್ಲ. ಅಂಗೈಯ ಮೇಲೆ ನಾಯಿಯ ಉಸಿರು ಬಿಸಿಯಾಗಿ ಬಂದು ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಅದು ಗೊರಕೆ ಹೊಡೆಯತೊಡಗಿತು. ಮೊಣಕಾಲಿನ ಕೆಳಗೆ ಸಿಮೆಂಟು ಚುಚ್ಚುತ್ತಿತ್ತು. ಅವನಿಗೆ ಇದು ಮುಗಿಯಬಾರದು ಎನಿಸಿತು.

ಗುಮಾಸ್ತ ಕಾಗದ, ರಟ್ಟು, ಪೆನ್ನು ಹಿಡಿದು ಬಂದ. ಎಲಿಸೆಯೊ ಎಡಗೈಯಲ್ಲಿ ಪೆನ್ನು ತೆಗೆದುಕೊಂಡು ತೋರಿಸಿದ ಜಾಗದಲ್ಲಿ ಗೀಚಿದ. ಗುಮಾಸ್ತ ಅದನ್ನೂ ಗುರುತಿನ ಚೀಟಿಯನ್ನೂ ಅಕ್ಕಪಕ್ಕ ಹಿಡಿದು ನೋಡಿದ.

“ಇದು ನಿಮ್ಮ ಸಹಿ ಅಲ್ಲ.”

“ನಂದೇ. ಎಡಗೈಲಿ ಹಾಕಿದ್ದು.”

“ಎಡಗೈದು ನಡೆಯಲ್ಲ. ಚೀಟೀಲಿ ಇರೋ ಥರಾನೇ ಬರ್ಬೇಕು. ಇಲ್ಲಾಂದ್ರೆ ವಾಪಸ್ ಬರುತ್ತೆ, ನನ್ನ ತಲೆ ಮೇಲೆ.” ಅವನು ಇನ್ನೊಂದು ಪ್ರತಿಯನ್ನು ರಟ್ಟಿಗೆ ಸಿಕ್ಕಿಸಿದ. “ಬಲಗೈಲಿ ಹಾಕಿ.”

“ಒಂದೈದು ನಿಮಿಷ, ಸ್ವಾಮಿ. ಮಲಗಿದೆ.”

“ಒಂದು ಗಂಟೆಗೆ ಊಟಕ್ಕೆ ಮುಚ್ತೀವಿ.”

ಎಲಿಸೆಯೊ ಯಾಸ್ನಾಳ ಕಡೆ ನೋಡಿದ. ಅವಳು ಪೆಟ್ಟಿಗೆಯೊಳಗೆ ಏನೋ ಹುಡುಕುತ್ತಿದ್ದಳು. ಗೇಟಿನಾಚೆ ವ್ಯಾನು ಬಂದು ನಿಂತಿತು. ಅವನು ಮೊದಲು ಕಿರುಬೆರಳನ್ನು ಎಳೆದುಕೊಂಡ, ಆಮೇಲೆ ಅದರ ಪಕ್ಕದ್ದನ್ನು. ಹೆಬ್ಬೆರಳಿಗೆ ಬರುವಷ್ಟರಲ್ಲಿ ಮಂತ್ರಿ ಎಚ್ಚರಗೊಂಡು, ನೋವಿಗೆ ಒಮ್ಮೆ ಕುಂಯ್ ಎಂದು, ತಲೆಯೆತ್ತಿ ಕೂತು ತೂಕಡಿಸತೊಡಗಿತು. ಅವನು ಪೆನ್ನನ್ನು ಬಲಗೈಗೆ ತೆಗೆದುಕೊಂಡು ಬರೆದ. ಗುಮಾಸ್ತ ಗುರುತಿನ ಚೀಟಿಯ ಪಕ್ಕಕ್ಕೆ ಹಿಡಿದು ನೋಡಿದ. ಈ ಸಲ ಸಹಿ ಸರಿಯಾಗಿ ಹೊಂದಿಕೊಂಡಿತು.